ತಿದ್ದುವವರು ಇರುವ ಕಡೆಗೆ ಹೋಗಿ: ಇಂಟರ್ನ್‌ಶಿಪ್, ವಿಚಾರ ಸಂಕಿರಣ, ಫೆಲೋಶಿಪ್‌ಗಳನ್ನು ಆರಿಸಿಕೊಳ್ಳುವ ಬಗೆ

ಪದವಿ ಓದುವ ವಿದ್ಯಾರ್ಥಿಗಳ ಫೈಲಿನಲ್ಲಿ ಈಗ ಪ್ರಮಾಣಪತ್ರಗಳಿಗೆ ಬರವಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಆನ್‌ಲೈನ್ ರಸಪ್ರಶ್ನೆಗೆ ಟಿಕ್ ಹಾಕಿದವರಿಗೆಲ್ಲ ಇ-ಪ್ರಮಾಣಪತ್ರ ಹಂಚುವ ರೂಢಿ ಶುರುವಾಯಿತು. ಅದು ಇನ್ನೂ ಪೂರ್ತಿ ನಿಂತಿಲ್ಲ. ಆದರೆ ಉದ್ಯೋಗದ ಸಂದರ್ಶನವಿರಲಿ, ಸ್ನಾತಕೋತ್ತರ ಪ್ರವೇಶದ ಸಂದರ್ಶನವಿರಲಿ, ಎದುರಿಗೆ ಕುಳಿತವರು ಕೇಳುವುದು ‘ಅಲ್ಲಿ ನೀವೇನು ಮಾಡಿದಿರಿ’ ಎಂದು. ಆ ಪ್ರಶ್ನೆಗೆ ಐದು ನಿಮಿಷ ನಿಲ್ಲದೆ ಉತ್ತರಿಸಬಲ್ಲ ವಿದ್ಯಾರ್ಥಿಗೆ ಒಂದೇ ಪ್ರಮಾಣಪತ್ರ ಸಾಕು, ಉತ್ತರಿಸಲಾಗದವರಿಗೆ ಇಪ್ಪತ್ತಿದ್ದರೂ ಪ್ರಯೋಜನವಿಲ್ಲ.

ಈ ಬರಹ ಕರ್ನಾಟಕದ ಕಾಲೇಜುಗಳಲ್ಲಿ ವಿಜ್ಞಾನ, ಕಾನೂನು, ವಾಣಿಜ್ಯ, ಕಲಾ ವಿಷಯಗಳನ್ನು ಓದುತ್ತಿರುವವರಿಗಾಗಿ, ಅದರಲ್ಲೂ ಬೆಂಗಳೂರಿನಾಚೆ ಇರುವವರಿಗಾಗಿ. ಯಾವುದೇ ಅವಕಾಶ ಎದುರಾದಾಗ ಸಂಸ್ಥೆಯ ಹೆಸರು, ಭತ್ಯೆ, ಅವಧಿ ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ನಾನು ಮಾಡಿದ ಕೆಲಸವನ್ನು ಅಲ್ಲಿ ಯಾರು ನೋಡುತ್ತಾರೆ, ಯಾರು ತಿದ್ದುತ್ತಾರೆ? ಈ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರು ಉತ್ತರವಾಗಿ ಸಿಕ್ಕರೆ ಆ ಅವಕಾಶದ ಬಗ್ಗೆ ಮುಂದೆ ಯೋಚಿಸಬಹುದು. ‘ನಮ್ಮ ತಂಡ ನೋಡಿಕೊಳ್ಳುತ್ತದೆ’ ಎಂಬ ಉತ್ತರ ಬಂದರೆ ಸಾಮಾನ್ಯವಾಗಿ ಯಾರೂ ನೋಡಿಕೊಳ್ಳುವುದಿಲ್ಲ.

ನಿಮ್ಮ ಕೋರ್ಸಿನೊಳಗೇ ಏನಿದೆ, ಮೊದಲು ನೋಡಿ

ಕೆಲವು ಕೋರ್ಸುಗಳಲ್ಲಿ ಕೆಲಸದ ತರಬೇತಿ ಪಠ್ಯಕ್ರಮದ ಭಾಗವಾಗಿಯೇ ಇರುತ್ತದೆ. ಎಂಬಿಬಿಎಸ್ ಮುಗಿಸಿದವರಿಗೆ ಒಂದು ವರ್ಷದ ಇಂಟರ್ನ್‌ಶಿಪ್ ಕಡ್ಡಾಯ. ಚಾರ್ಟರ್ಡ್ ಅಕೌಂಟೆನ್ಸಿ ಓದುವವರಿಗೆ 2023ರ ಜುಲೈಯಿಂದ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಎರಡು ವರ್ಷದ್ದು. ಹಿಂದೆ ಅದು ಮೂರು ವರ್ಷವಿತ್ತು. ವಿಟಿಯು ಎಂಜಿನಿಯರಿಂಗ್ ಪದವಿಗೂ ಇಂಟರ್ನ್‌ಶಿಪ್ ಇಲ್ಲದೆ ಆಗುವುದಿಲ್ಲ. ಇಂಥವರು ಹೊಸದನ್ನು ಹುಡುಕುವ ಮೊದಲು ಕಡ್ಡಾಯವಾದುದನ್ನೇ ಚೆನ್ನಾಗಿ ಬಳಸಿಕೊಳ್ಳುವುದು ಲೇಸು.

ಕೃಷಿ ಪದವಿಯ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಹಳ್ಳಿಗೆ ಹೋಗಿ ಉಳಿಯುವ ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮ ಈ ವಿಷಯದಲ್ಲಿ ಗಮನಿಸತಕ್ಕದ್ದು. ಗುಡಿಯ ಮುಂದಿನ ಅಂಗಳದಲ್ಲಿ ಬಣ್ಣದ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸುತ್ತಾರೆ: ಕೆರೆ, ಕಾಲುವೆ, ಕೊಳವೆಬಾವಿ, ಯಾವ ದಿಕ್ಕಿಗೆ ರಾಗಿ, ಯಾವ ದಿಕ್ಕಿಗೆ ತೊಗರಿ. ಸುತ್ತ ನಿಂತ ರೈತರು ಸುಮ್ಮನೆ ನೋಡುವುದಿಲ್ಲ. ‘ಆ ಕಡೆ ಕೆರೆ ಇಲ್ಲಮ್ಮ, ಇರೋದು ಕಟ್ಟೆ’ ಎಂದು ಒಬ್ಬರು ಹೇಳಿದರೆ, ‘ಆ ಬೋರು ಬತ್ತಿ ಎಷ್ಟೋ ವರ್ಷ ಆಯ್ತು, ಅಳಿಸಿ’ ಎಂದು ಇನ್ನೊಬ್ಬರು ಹೇಳುತ್ತಾರೆ. ವಿದ್ಯಾರ್ಥಿ ಬಗ್ಗಿ ಅಳಿಸಿ ಮತ್ತೆ ಬಿಡಿಸುತ್ತಾಳೆ. ಪುಸ್ತಕ ಓದಿ ಬಂದವರನ್ನು ನೆಲ ಬಲ್ಲವರು ಎಲ್ಲರೆದುರು ತಿದ್ದುವ ಇಂಥ ವ್ಯವಸ್ಥೆ ಬೇರೆ ಎಷ್ಟೋ ಕೋರ್ಸುಗಳಿಗೆ ಇಲ್ಲ.

ಸಾಮಾನ್ಯ ಬಿಎ, ಬಿಎಸ್ಸಿ, ಬಿಕಾಂ ವಿದ್ಯಾರ್ಥಿಗಳ ಸ್ಥಿತಿ ಬೇರೆ. ಪದವಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಕುರಿತು ಯುಜಿಸಿ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕರ್ನಾಟಕ ಸರ್ಕಾರ 2024-25ರಿಂದ ನಾಲ್ಕು ವರ್ಷದ ಆನರ್ಸ್ ಕ್ರಮವನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆ. ಹೀಗಾಗಿ ಒಂದೇ ಕಾಲೇಜಿನಲ್ಲಿ ಬೇರೆ ಬೇರೆ ಬ್ಯಾಚಿನವರಿಗೆ ಬೇರೆ ಬೇರೆ ನಿಯಮ ಇರಬಹುದು. ನಿಮ್ಮ ಬ್ಯಾಚಿಗೆ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಇದೆಯೇ, ಎಷ್ಟು ಗಂಟೆಯ ಕೆಲಸ ತೋರಿಸಬೇಕು, ಕಾಲೇಜಿನಲ್ಲಿ ಮಾರ್ಗದರ್ಶಕರು ಯಾರು ಎಂಬ ಮೂರನ್ನೂ ವಿಭಾಗದ ಮುಖ್ಯಸ್ಥರಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಕೆಲಸ ಮುಗಿಸಿ ಬಂದ ಮೇಲೆ ‘ಇದಕ್ಕೆ ಮೊದಲೇ ಅನುಮತಿ ಪಡೆಯಬೇಕಿತ್ತು’ ಎನ್ನಿಸಿಕೊಳ್ಳುವುದು ಬೇಡ.

ಕಾನೂನು ಓದುವವರು: ತಾಲ್ಲೂಕು ಕೋರ್ಟಿನಿಂದ ಶುರುಮಾಡಿ

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿನವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಯಾವ ವರ್ಷವೂ ಅದು ಸತತ ನಾಲ್ಕು ವಾರ ಮೀರುವಂತಿಲ್ಲ. ಕೋರ್ಸಿನ ಅವಧಿಯಲ್ಲಿ ವಿಚಾರಣಾ ನ್ಯಾಯಾಲಯದ ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಒಮ್ಮೆಯಾದರೂ ಕೆಲಸ ಮಾಡಿರಬೇಕು. ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಮತ್ತು ಇಂಟರ್ನ್‌ಶಿಪ್ ಪತ್ರಿಕೆಯ ಅಂಕ ಹಂಚಿಕೆಯೂ ಅರ್ಥಪೂರ್ಣವಾಗಿದೆ: ಮೂಟ್ ಕೋರ್ಟಿಗೆ 30, ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆಯನ್ನು ಗಮನಿಸಿ ಬರೆಯುವುದಕ್ಕೆ 30, ಕಕ್ಷಿದಾರರ ಸಂದರ್ಶನ ಮತ್ತು ವಿಚಾರಣಾಪೂರ್ವ ಸಿದ್ಧತೆಯ ಡೈರಿಗೆ 30, ಮೌಖಿಕ ಪರೀಕ್ಷೆಗೆ 10.

ಈ ಡೈರಿಯನ್ನು ಹಿಂದಿನ ವರ್ಷದವರಿಂದ ತಂದು ನಕಲು ಮಾಡುವ ಚಾಳಿ ಎಲ್ಲ ಕಡೆ ಇದೆ. ಅದರಿಂದ ಅಂಕ ಸಿಗಬಹುದು, ಕೆಲಸ ಬರುವುದಿಲ್ಲ. ಅದರ ಬದಲು ಒಂದು ಪ್ರಕರಣವನ್ನು ಆರಂಭದಿಂದ ಹಿಂಬಾಲಿಸಿ. ನಿಮ್ಮ ಸೀನಿಯರ್ ನಡೆಸುತ್ತಿರುವ, ಸಾಕ್ಷಿ ವಿಚಾರಣೆಯ ಹಂತಕ್ಕೆ ಬಂದಿರುವ ಒಂದು ಪ್ರಕರಣದ ಫೈಲನ್ನು ಅನುಮತಿ ಪಡೆದು ಪೂರ್ತಿ ಓದಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದರ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಸೇರಿಸಿಟ್ಟುಕೊಂಡರೆ ಮುಂದಿನ ತಾರೀಖು ಫೋನಿನಲ್ಲೇ ತಿಳಿಯುತ್ತದೆ. ಆ ದಿನ ಕೋರ್ಟ್ ಹಾಲಿನಲ್ಲಿ ಕುಳಿತು ಪ್ರಾ.ಸಾ.1 (ಪ್ರಾಸಿಕ್ಯೂಷನ್ ಕಡೆಯ ಮೊದಲ ಸಾಕ್ಷಿ) ಮುಖ್ಯ ವಿಚಾರಣೆಯಲ್ಲಿ ಏನು ಹೇಳಿದರು, ಯಾವ ದಾಖಲೆಯನ್ನು ನಿ.ಪಿ.1 (ಅದೇ ಕಡೆಯ ಮೊದಲ ನಿಶಾನೆ) ಎಂದು ಗುರುತಿಸಿದರು, ಯಾವ ವಸ್ತು ಮು.ಮಾ.1 (ಮೊದಲ ಮುದ್ದೆಮಾಲು) ಆಯಿತು, ಪಾಟೀಸವಾಲಿನಲ್ಲಿ ಯಾವ ಮಾತು ಸಡಿಲವಾಯಿತು ಎಂದು ಬರೆದುಕೊಳ್ಳಿ. ಸಂಜೆ ಆಫೀಸಿನಲ್ಲಿ ಸೀನಿಯರ್ ಅವರಿಗೆ ಅದನ್ನು ತೋರಿಸಿ, ‘ಮಹಜರಿನ ಪಂಚರಿಗೆ ಆ ಪ್ರಶ್ನೆಯನ್ನೇ ಯಾಕೆ ಮೊದಲು ಕೇಳಿದಿರಿ ಸರ್?’ ಎಂದು ಕೇಳಿ. ಈ ಒಂದು ಪ್ರಶ್ನೆಗೆ ಅವರು ಕೊಡುವ ಉತ್ತರ ಸಾಕ್ಷ್ಯ ಕಾಯ್ದೆಯ ಒಂದು ವಾರದ ತರಗತಿಗೆ ಸಮ.

ಬೆಂಗಳೂರಿನ ದೊಡ್ಡ ಲಾ ಫರ್ಮ್‌ಗಳ ಕಡೆಗೆ ಮೊದಲ ವರ್ಷದಲ್ಲೇ ಓಡುವವರಿಗೆ ನಾನು ಹೇಳುವುದು ಇಷ್ಟೇ: ಮೊದಲ ನಾಲ್ಕು ವಾರ ನಿಮ್ಮ ತಾಲ್ಲೂಕು ಕೋರ್ಟಿನಲ್ಲಿ ಕಳೆಯಿರಿ. ಅಲ್ಲಿ ಕಲಾಪ ಕನ್ನಡದಲ್ಲಿ ಕಿವಿಗೆ ಬೀಳುತ್ತದೆ, ವಕಾಲತ್ತು ತುಂಬುವುದರಿಂದ ಹಿಡಿದು ಅರ್ಜಿಗೆ ಅಫಿಡವಿಟ್ ಲಗತ್ತಿಸುವ ತನಕ ಕೈಗೆ ಕೆಲಸ ಸಿಗುತ್ತದೆ, ಮಾಡಿದ ತಪ್ಪು ಶಿರಸ್ತೇದಾರರ ಮೇಜಿನಿಂದಲೇ ಅದೇ ದಿನ ವಾಪಸು ಬರುತ್ತದೆ. ವಕೀಲರ ಪರಿಚಯವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಕಾಲೇಜಿನ ಪತ್ರದೊಂದಿಗೆ ಹೋಗಬಹುದು. ಉಚಿತ ಕಾನೂನು ನೆರವು ಕೇಳಿಕೊಂಡು ಬರುವವರ ಮಾತು ಕೇಳಿಸಿಕೊಳ್ಳುವುದೇ ಕಕ್ಷಿದಾರರ ಸಂದರ್ಶನದ ನಿಜವಾದ ಅಭ್ಯಾಸ. ಉಡುಪಿನ ವಿಷಯದಲ್ಲಿ ಬಿಳಿ ಅಂಗಿ, ಕಪ್ಪು ಕೋಟು, ಕಪ್ಪು ಟೈ, ಕಪ್ಪು ಷೂ ಎಂದು ನಿಯಮ ಹೇಳುತ್ತದೆ. ಪೂರ್ತಿ ಉಡುಪು ಹೊಂದಿಸಿಕೊಳ್ಳಲಾಗದವರಿಗೆ ಬಿಳಿ ಪ್ಯಾಂಟು, ಒಳಗೆ ಸಿಕ್ಕಿಸಿದ ತುಂಬುತೋಳಿನ ಅಂಗಿ, ಮುಚ್ಚಿದ ಷೂ ಸಾಕೆಂದೂ ಅದೇ ನಿಯಮದಲ್ಲಿದೆ. ಗೌನು ಮತ್ತು ಬ್ಯಾಂಡ್ ಸನ್ನದು ಪಡೆದ ವಕೀಲರಿಗೆ ಮಾತ್ರ. ಫೈಲಿನ ಹಾಳೆಯ ಫೋಟೋ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಕಾಣಿಸಿಕೊಂಡರೆ ಅಲ್ಲಿಗೆ ನಿಮ್ಮ ಇಂಟರ್ನ್‌ಶಿಪ್ ಮುಗಿಯಿತೆಂದು ತಿಳಿಯಿರಿ.

ವಿಜ್ಞಾನ ಓದುವವರು: ಬೇಸಿಗೆಯ ಅರ್ಜಿ ದೀಪಾವಳಿಯ ಹೊತ್ತಿಗೆ

ಬೇಸಿಗೆ ರಜೆಯ ಸಂಶೋಧನಾ ಅವಕಾಶಗಳನ್ನು ಏಪ್ರಿಲ್‌ನಲ್ಲಿ ಹುಡುಕುವವರಿಗೆ ಸಿಗುವುದು ಹಳೆಯ ಪ್ರಕಟಣೆಗಳು ಮಾತ್ರ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇನ್ಸಾ, ಪ್ರಯಾಗರಾಜಿನ ನಾಸಿ ಈ ಮೂರು ಅಕಾಡೆಮಿಗಳು ಒಟ್ಟಾಗಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಕರೆಯುವುದು ಸಾಮಾನ್ಯವಾಗಿ ಅಕ್ಟೋಬರ್, ನವೆಂಬರ್ ಹೊತ್ತಿಗೆ. ಆಯ್ಕೆಯಾದವರು ಸುಮಾರು ಎರಡು ತಿಂಗಳು ದೇಶದ ಯಾವುದಾದರೂ ಪ್ರಯೋಗಾಲಯದಲ್ಲಿ ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡುತ್ತಾರೆ. ಕಾಲೇಜು ಅಧ್ಯಾಪಕರೂ ಇದಕ್ಕೆ ಅರ್ಜಿ ಹಾಕಬಹುದು ಎಂಬುದನ್ನು ನಿಮ್ಮ ಮೇಷ್ಟ್ರಿಗೆ ತಿಳಿಸಿದರೆ ಅವರಿಗೂ ಉಪಕಾರವಾದೀತು.

ಇದರ ಜೊತೆಗೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್, ರಾಮನ್ ಸಂಶೋಧನಾ ಸಂಸ್ಥೆಯ ಸಂದರ್ಶಕ ವಿದ್ಯಾರ್ಥಿ ಕಾರ್ಯಕ್ರಮ, ಭೌತಶಾಸ್ತ್ರ ಮತ್ತು ಗಣಿತದ ಕಡೆ ಒಲವುಳ್ಳವರಿಗೆ ಬೆಂಗಳೂರಿನ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್‌ನ ಎಸ್.ಎನ್. ಭಟ್ ಸ್ಮಾರಕ ಫೆಲೋಶಿಪ್, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ನಡೆಸುವ ಸಂದರ್ಶಕ ವಿದ್ಯಾರ್ಥಿ ಕಾರ್ಯಕ್ರಮ ವಿಎಸ್‌ಆರ್‌ಪಿ ಇವನ್ನೂ ಪಟ್ಟಿಯಲ್ಲಿಟ್ಟುಕೊಳ್ಳಿ. ಗಣಿತವನ್ನೇ ಮುಂದುವರಿಸಬೇಕೆಂದಿರುವವರಿಗೆ ಪ್ರೊ. ಎಸ್. ಕುಮರೇಶನ್ 1993ರಲ್ಲಿ ಆರಂಭಿಸಿದ ಎಂಟಿಟಿಎಸ್ ಬೇಸಿಗೆ ಶಿಬಿರವನ್ನು ನಾನು ಎಲ್ಲಕ್ಕಿಂತ ಮೊದಲು ಸೂಚಿಸುತ್ತೇನೆ. ಅಲ್ಲಿ ಅಧ್ಯಾಪಕರು ಪ್ರಮೇಯವನ್ನು ಹಲಗೆಯ ಮೇಲೆ ಬರೆದು ಮುಗಿಸಿಬಿಡುವುದಿಲ್ಲ. ಪ್ರಶ್ನೆ ಕೇಳುತ್ತಾ ಕೇಳುತ್ತಾ ವಿದ್ಯಾರ್ಥಿಗಳ ಬಾಯಿಂದಲೇ ಅದರ ರುಜುವಾತನ್ನು ಹೊರಡಿಸುತ್ತಾರೆ. ಮೂರು ವರ್ಷ ನೋಟ್ಸ್ ಬರೆದುಕೊಂಡು ರೂಢಿಯಾದವರಿಗೆ ಮೊದಲ ಕೆಲವು ದಿನ ಅದು ಕಷ್ಟವೇ. ಕೇಂದ್ರ ಸರ್ಕಾರದ ಇನ್ಸ್‌ಪೈರ್ ವಿದ್ಯಾರ್ಥಿವೇತನ ಪಡೆಯುತ್ತಿರುವವರು ಇನ್ನೊಂದನ್ನು ನೆನಪಿಡಬೇಕು: ವರ್ಷದ 80,000 ರೂಪಾಯಿಯಲ್ಲಿ 20,000 ಬೇಸಿಗೆ ಪ್ರಾಜೆಕ್ಟಿಗೆಂದೇ ಮೀಸಲು. ಪ್ರಾಜೆಕ್ಟಿಗೆ ಮಾರ್ಗದರ್ಶಕರನ್ನು ಹುಡುಕಿಕೊಳ್ಳುವ ಹೊಣೆ ವಿದ್ಯಾರ್ಥಿಯದು.

ಅರ್ಜಿಯಲ್ಲಿ ಅಂಕಗಳಷ್ಟೇ ತೂಕವುಳ್ಳದ್ದು, ‘ನೀವು ಏನು ಮಾಡಬೇಕೆಂದಿದ್ದೀರಿ’ ಎಂದು ಕೇಳುವ ಚಿಕ್ಕ ಬರಹ. ‘ನನಗೆ ಬಾಲ್ಯದಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿ, ದೇಶಸೇವೆ ಮಾಡುವುದು ನನ್ನ ಕನಸು’ ಎಂದು ತೊಡಗುವ ಬರಹವನ್ನು ಆಯ್ಕೆ ಮಾಡುವವರು ನೂರಾರು ಸಲ ಓದಿರುತ್ತಾರೆ. ಅದರ ಬದಲು ರಸಾಯನಶಾಸ್ತ್ರದ ವಿದ್ಯಾರ್ಥಿಯೊಬ್ಬಳು ಹೀಗೆ ಬರೆದಳೆಂದುಕೊಳ್ಳಿ: ‘ನಾಲ್ಕನೇ ಸೆಮಿಸ್ಟರಿನ ಪ್ರಾಯೋಗಿಕ ತರಗತಿಯಲ್ಲಿ ಇಡಿಟಿಎ ಟೈಟ್ರೇಷನ್ ಕಲಿತ ಮೇಲೆ ನಮ್ಮ ಮನೆಯ ಕೊಳವೆಬಾವಿಯ ನೀರಿನ ಗಡಸುತನವನ್ನು ಕುದಿಸುವ ಮೊದಲು ಮತ್ತು ಕುದಿಸಿದ ಮೇಲೆ ಅಳೆದೆ. ಕುದಿಸಿದರೂ ಗಡಸುತನ ಬಹಳ ಇಳಿಯಲಿಲ್ಲ. ಬೈಕಾರ್ಬನೇಟಿನಿಂದ ಬಂದದ್ದಾಗಿದ್ದರೆ ಇಳಿಯಬೇಕಿತ್ತು. ಆದ್ದರಿಂದ ಇದರಲ್ಲಿ ಸಲ್ಫೇಟ್ ಅಥವಾ ಕ್ಲೋರೈಡಿನ ಪಾಲು ಹೆಚ್ಚಿರಬೇಕೆಂದು ಊಹಿಸಿದ್ದೇನೆ. ಇದನ್ನು ಖಚಿತಪಡಿಸಿಕೊಳ್ಳುವ ಉಪಕರಣ ನಮ್ಮ ಕಾಲೇಜಿನಲ್ಲಿಲ್ಲ. ನೀರಿನ ರಾಸಾಯನಿಕ ವಿಶ್ಲೇಷಣೆ ನಡೆಸುವ ಪ್ರಯೋಗಾಲಯದಲ್ಲಿ ಕೆಲಸ ಕಲಿಯಲು ಬಯಸುತ್ತೇನೆ.’ ಇದರಲ್ಲಿ ದೊಡ್ಡ ಸಂಶೋಧನೆ ಏನೂ ಇಲ್ಲ. ಆದರೆ ಅಳೆದಿದ್ದಾಳೆ, ನಿರೀಕ್ಷೆಗೂ ಫಲಿತಾಂಶಕ್ಕೂ ಹೊಂದದಿರುವುದನ್ನು ಗಮನಿಸಿದ್ದಾಳೆ, ಕಾರಣ ಊಹಿಸಿದ್ದಾಳೆ, ತನ್ನ ಕೊರತೆ ಯಾವುದೆಂದು ಹೇಳಿದ್ದಾಳೆ. ಓದಿದವರಿಗೆ ಇವಳಿಗೆ ಏನು ಕಲಿಸಬಹುದೆಂದು ತಕ್ಷಣ ಹೊಳೆಯುತ್ತದೆ.

ವಿಜ್ಞಾನಿಗಳಿಗೆ ನೇರವಾಗಿ ಇಮೇಲ್ ಬರೆಯುವಾಗಲೂ ಇದೇ ಕ್ರಮ. ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಇರಬೇಕಾಗುತ್ತದೆ. ಇಂಗ್ಲಿಷ್ ಅಲಂಕಾರಿಕವಾಗಿರಬೇಕಿಲ್ಲ, ಸಣ್ಣ ಸಣ್ಣ ವಾಕ್ಯಗಳು ಸಾಕು. ಮೊದಲು ಅವರ ಪ್ರಯೋಗಾಲಯದ ಪುಟ ನೋಡಿ, ಇತ್ತೀಚಿನ ಒಂದು ಪ್ರಬಂಧದ ಸಾರಾಂಶ ಮತ್ತು ಚಿತ್ರಗಳನ್ನು ಓದಿ. ಪತ್ರದಲ್ಲಿ ನೀವು ಯಾರು, ಅವರ ಕೆಲಸದಲ್ಲಿ ಯಾವುದು ನಿಮಗೆ ಅರ್ಥವಾಯಿತು, ಯಾವುದು ಅರ್ಥವಾಗಲಿಲ್ಲ, ನಿಮಗೆ ಈಗಾಗಲೇ ಬರುವ ಕೆಲಸ ಯಾವುದು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಬರಬಲ್ಲಿರಿ ಎಂಬುದಿಷ್ಟೇ ಇರಲಿ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳಿಸಿದರೆ ಅದು ಐವತ್ತು ಜನರಿಗೂ ಗೊತ್ತಾಗುತ್ತದೆ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಂದೇ ಸಲ ವಿನಯವಾಗಿ ನೆನಪಿಸಿ, ಅಲ್ಲಿಗೆ ಬಿಡಿ.

ವಾಣಿಜ್ಯ ಓದುವವರಿಗೆ ಊರಿನಲ್ಲೇ ದಾರಿ ಇದೆ

ಬಿಕಾಂ ವಿದ್ಯಾರ್ಥಿಗಳು ದೂರ ಹೋಗಬೇಕಿಲ್ಲ. ಪೇಟೆಯ ಆಡಿಟರ್ ಕಚೇರಿಯೇ ಒಳ್ಳೆಯ ಶಾಲೆ. ಆದರೆ ಸೇರುವಾಗ ತಿಂಗಳ ಮೊದಲ ದಿನಗಳಲ್ಲೇ ಸೇರಿ. ತಿಂಗಳಿಗೊಮ್ಮೆ ಸಲ್ಲಿಸುವ ವ್ಯಾಪಾರಿಗಳ ಜಿಎಸ್‌ಟಿಆರ್-1 (ಮಾರಾಟದ ವಿವರ) ಹನ್ನೊಂದನೇ ತಾರೀಖಿಗೆ, ಜಿಎಸ್‌ಟಿಆರ್-3ಬಿ (ತೆರಿಗೆಯ ಒಟ್ಟು ಲೆಕ್ಕ) ಇಪ್ಪತ್ತನೇ ತಾರೀಖಿಗೆ ಹೋಗಬೇಕಾಗಿರುವುದರಿಂದ ಆ ಇಪ್ಪತ್ತು ದಿನಗಳಲ್ಲಿ ಒಂದು ಪೂರ್ತಿ ಸುತ್ತು ಕಣ್ಣಿಗೆ ಬೀಳುತ್ತದೆ: ಬಿಲ್ಲುಗಳು ಚೀಲದಲ್ಲಿ ಬರುವುದು, ಟ್ಯಾಲಿಯಲ್ಲಿ ಏರುವುದು, ಖರೀದಿ ಪುಸ್ತಕವನ್ನು ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯ ಜೊತೆ ತಾಳೆ ನೋಡುವುದು, ತಾಳೆಯಾಗದ ಬಿಲ್ಲಿಗಾಗಿ ವ್ಯಾಪಾರಿಗೆ ಫೋನು ಮಾಡುವುದು. ಇಪ್ಪತ್ತೈದನೇ ತಾರೀಖು ಸೇರಿದವರಿಗೆ ಚಹಾ ತರುವ ಕೆಲಸ ಸಿಕ್ಕರೆ ಆಶ್ಚರ್ಯವಿಲ್ಲ. ತಾಳೆ ನೋಡುವ ಕೆಲಸವನ್ನು ಕೇಳಿ ಪಡೆಯಿರಿ. ನಿಮ್ಮ ತಪ್ಪು ಅಲ್ಲಿ ಅಂಕಿಯಾಗಿಯೇ ಎದುರಿಗೆ ನಿಲ್ಲುತ್ತದೆ.

ಕೆಲಸದ ದಿನಗಳಲ್ಲಿ

ಎಲ್ಲ ಬಗೆಯ ಇಂಟರ್ನ್‌ಶಿಪ್‌ಗೂ ಅನ್ವಯಿಸುವ ಒಂದು ಅಭ್ಯಾಸವೆಂದರೆ ದಿನಚರಿ. ‘ಇಂದು ಕಚೇರಿಗೆ ಹೋದೆ, ಬಹಳಷ್ಟು ಕಲಿತೆ’ ಎಂದು ಬರೆಯುವುದು ದಿನಚರಿಯಲ್ಲ. ಏನು ಮಾಡಲು ಹೇಳಿದರು, ಹೇಗೆ ಮಾಡಿದೆ, ಎಲ್ಲಿ ನಿಂತಿತು, ಯಾರು ಏನು ತಿದ್ದಿದರು ಎಂದು ಬರೆಯಿರಿ. ವಾರಕ್ಕೊಮ್ಮೆ ಅದನ್ನು ಅರ್ಧ ಪುಟಕ್ಕಿಳಿಸಿ ಮಾರ್ಗದರ್ಶಕರಿಗೆ ಕಳಿಸಿ, ಮುಂದಿನ ವಾರ ಏನು ಮಾಡಬೇಕೆಂದಿದ್ದೀರೆಂದೂ ಸೇರಿಸಿ. ಕೆಲಸವಿಲ್ಲದೆ ಸುಮ್ಮನೆ ಕೂರಿಸುವ ಕಚೇರಿಗಳಲ್ಲಿ ಈ ಅರ್ಧ ಪುಟ ಬಹಳ ಕೆಲಸ ಮಾಡುತ್ತದೆ, ಏಕೆಂದರೆ ಬರವಣಿಗೆಯಲ್ಲಿ ಬಂದ ಪ್ರಸ್ತಾಪಕ್ಕೆ ಹೌದು ಅಥವಾ ಬೇಡ ಎನ್ನಲೇಬೇಕಾಗುತ್ತದೆ. ಹೇಳಿದ್ದು ಅರ್ಥವಾಗದಿದ್ದರೆ ಅಂದೇ ಕೇಳಿ. ಮೊದಲ ವಾರ ಕೇಳಿದ ದಡ್ಡ ಪ್ರಶ್ನೆಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ; ಐದನೇ ವಾರ ಅದೇ ಪ್ರಶ್ನೆ ಕೇಳಿದರೆ ನೆನಪಿಟ್ಟುಕೊಳ್ಳುತ್ತಾರೆ.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಾಯಂ ನೌಕರರಿಗೆ ಮಾತ್ರವಲ್ಲ, ತರಬೇತಿಯಲ್ಲಿರುವವರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು, ಅದಿಲ್ಲದ ಸಣ್ಣ ಕಚೇರಿಗಳ ವಿಷಯದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ದೂರನ್ನು ಮೂರು ತಿಂಗಳೊಳಗೆ ಕೊಡಬೇಕು. ಸೇರುವ ದಿನವೇ ಆ ಸಮಿತಿಯ ಸದಸ್ಯರು ಯಾರೆಂದು ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ.

ವಿಚಾರ ಸಂಕಿರಣಕ್ಕೆ ಹೋಗುವುದು ಯಾತಕ್ಕೆ

ವಿಚಾರ ಸಂಕಿರಣಗಳಲ್ಲಿ ಎರಡು ಬಗೆ. ಒಂದರಲ್ಲಿ ಉದ್ಘಾಟನೆ, ಸನ್ಮಾನ, ಊಟ, ಪ್ರಮಾಣಪತ್ರ ವಿತರಣೆ ಇವುಗಳ ನಡುವೆ ಪ್ರಬಂಧ ಮಂಡನೆಗೆ ತಲಾ ಮೂರು ನಿಮಿಷ ಸಿಗುತ್ತದೆ. ಇನ್ನೊಂದರಲ್ಲಿ ಮಂಡನೆಯ ಬಳಿಕ ಪ್ರಶ್ನೆಗಳಿಗೆ ಸಮಯವಿರುತ್ತದೆ, ಪ್ರಶ್ನೆ ಕೇಳುವವರೂ ಇರುತ್ತಾರೆ. ಆಹ್ವಾನ ಪತ್ರಿಕೆಯ ವೇಳಾಪಟ್ಟಿಯನ್ನು ನೋಡಿದರೆ ಯಾವುದು ಯಾವ ಬಗೆಯದೆಂದು ಬಹುತೇಕ ಗೊತ್ತಾಗುತ್ತದೆ. ಮೊದಲ ಬಗೆಯದಕ್ಕೆ ನೋಂದಣಿ ಶುಲ್ಕ ಕೊಟ್ಟು ಹೋಗುವುದು ನಷ್ಟ. ಪ್ರಬಂಧವನ್ನು ಐಎಸ್‌ಬಿಎನ್ ಇರುವ ಸಂಪುಟದಲ್ಲಿ ಅಥವಾ ‘ಯುಜಿಸಿ ಮಾನ್ಯತೆಯ ಪತ್ರಿಕೆ’ಯಲ್ಲಿ ಅಚ್ಚು ಹಾಕಿಸುತ್ತೇವೆ, ಇಷ್ಟು ಹಣ ಕಳಿಸಿ ಎಂಬ ಸಂದೇಶಗಳನ್ನೂ ನಂಬಬೇಡಿ. ಐಎಸ್‌ಬಿಎನ್ ಪುಸ್ತಕದ ಗುರುತಿನ ಸಂಖ್ಯೆಯೇ ಹೊರತು ಗುಣಮಟ್ಟದ ಮುದ್ರೆಯಲ್ಲ. ಮಾನ್ಯ ಸಂಶೋಧನಾ ಪತ್ರಿಕೆಗಳನ್ನು ಹೆಸರಿಸಲು ಯುಜಿಸಿ 2019ರಲ್ಲಿ ಆರಂಭಿಸಿದ್ದ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ತಾನೇ ಕೈಬಿಟ್ಟಿದೆ.

ಎರಡನೆಯ ಬಗೆಗೆ ಉದಾಹರಣೆಗಳು ಬೇಕಾದಷ್ಟಿವೆ. ವಿಜ್ಞಾನ ಅಕಾಡೆಮಿಗಳು ಕಾಲೇಜುಗಳಲ್ಲೇ ನಡೆಸುವ ಎರಡು ಮೂರು ದಿನಗಳ ಉಪನ್ಯಾಸ ಕಾರ್ಯಾಗಾರಗಳಲ್ಲಿ ಸಂಶೋಧಕರು ಖುದ್ದಾಗಿ ಬಂದು ಪಾಠ ಮಾಡುತ್ತಾರೆ. ಸಮಾಜ ವಿಜ್ಞಾನ ಓದುವವರು ನಾಗರಬಾವಿಯಲ್ಲಿರುವ, 1972ರಲ್ಲಿ ವಿ.ಕೆ.ಆರ್.ವಿ. ರಾವ್ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಸಂಕಿರಣಗಳ ಪ್ರಕಟಣೆಯನ್ನು ಗಮನಿಸುತ್ತಿರಬಹುದು. ಇತಿಹಾಸದ ವಿದ್ಯಾರ್ಥಿಗಳಿಗೆ ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನವಿದೆ. ಅಲ್ಲಿ ಪ್ರಬಂಧಗಳು ಕನ್ನಡದಲ್ಲೇ ಮಂಡನೆಯಾಗುತ್ತವೆ, ‘ಇತಿಹಾಸ ದರ್ಶನ’ ಸಂಪುಟದಲ್ಲಿ ಅಚ್ಚಾಗುತ್ತವೆ. ನಿಮ್ಮೂರಿನ ವೀರಗಲ್ಲಿನ ಬಗ್ಗೆ ನೀವು ಬರೆದುಕೊಂಡು ಹೋದ ಎರಡು ಪುಟಕ್ಕೆ, ಜೀವನವಿಡೀ ಶಾಸನ ಓದಿದವರೊಬ್ಬರು ‘ಆ ಅಕ್ಷರ ನೀವಂದುಕೊಂಡ ಕಾಲದ್ದಲ್ಲ’ ಎಂದರೆ ಮುಖ ಕೆಂಪಾಗಬಹುದು. ಆದರೆ ಆ ಒಂದು ಮಾತಿಗಾಗಿಯೇ ಅಷ್ಟು ದೂರ ಹೋಗಬೇಕು.

ಮಂಡನೆಗೆ ಸಿದ್ಧರಾಗುವಾಗ ಹತ್ತು ನಿಮಿಷಕ್ಕೆ ಎಂಟು ನಿಮಿಷದಷ್ಟೇ ಬರೆದುಕೊಳ್ಳಿ, ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ವಿಷಯದ ಮಹತ್ವವನ್ನು ಹೊಗಳುವುದರಲ್ಲಿ ಮೊದಲ ಎರಡು ನಿಮಿಷ ಕಳೆಯಬೇಡಿ; ನೀವು ಕಂಡುಕೊಂಡದ್ದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಿ. ಬರೀ ಕೇಳುಗರಾಗಿ ಹೋದರೂ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಂಡಿರಿ. ಸಭೆಯಲ್ಲಿ ಕೇಳಲು ಧೈರ್ಯ ಸಾಲದಿದ್ದರೆ ಊಟದ ಸಾಲಿನಲ್ಲಿ ಕೇಳಬಹುದು. ಎಷ್ಟೋ ಜನರಿಗೆ ಮುಂದಿನ ಮಾರ್ಗದರ್ಶಕರು ಸಿಕ್ಕಿರುವುದು ಊಟದ ಸಾಲಿನಲ್ಲೇ.

ಪದವಿಯ ನಂತರದ ಫೆಲೋಶಿಪ್‌ಗಳು

ಇವು ಸ್ವಭಾವದಲ್ಲೇ ಬೇರೆ. ಇಲ್ಲಿ ಎರಡು ತಿಂಗಳಲ್ಲ, ಸುಮಾರು ಒಂದು ಅಥವಾ ಎರಡು ವರ್ಷ ಕೊಡಬೇಕಾಗುತ್ತದೆ. ಶಾಸನಗಳ ಅಧ್ಯಯನ ನಡೆಸುವ ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್‌ನಲ್ಲಿ ಆಯ್ಕೆಯಾದವರು ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ಒಬ್ಬ ಸಂಸತ್ ಸದಸ್ಯರ ಜೊತೆ ಕೆಲಸ ಮಾಡುತ್ತಾರೆ. ಸ್ಟೇಟ್ ಬ್ಯಾಂಕಿನ ಯೂತ್ ಫಾರ್ ಇಂಡಿಯಾ 13 ತಿಂಗಳು ಗ್ರಾಮೀಣ ಪ್ರದೇಶದಲ್ಲಿರುವಂಥದ್ದು. ಟೀಚ್ ಫಾರ್ ಇಂಡಿಯಾದಲ್ಲಿ ಎರಡು ವರ್ಷ ಪೂರ್ಣಾವಧಿ ಪಾಠ ಮಾಡಬೇಕು; ಅದರ ನಗರಗಳಲ್ಲಿ ಬೆಂಗಳೂರೂ ಒಂದು. ಸೇರುವ ಮೊದಲು ಹಿಂದಿನ ತಂಡಗಳವರಲ್ಲಿ ಕನಿಷ್ಠ ಇಬ್ಬರ ಜೊತೆ ಮಾತಾಡಿ, ‘ನಿಮ್ಮ ಕೆಲಸವನ್ನು ಯಾರು ನೋಡುತ್ತಿದ್ದರು, ಎಷ್ಟು ದಿನಕ್ಕೊಮ್ಮೆ?’ ಎಂದು ಕೇಳಿ. ಮನೆಯವರಿಗೆ ಇದು ಉದ್ಯೋಗವೋ ಓದೋ ಎಂಬ ಗೊಂದಲ ಆಗಿಯೇ ಆಗುತ್ತದೆ. ಆಯ್ಕೆಪತ್ರ ಬಂದ ಮೇಲಲ್ಲ, ಅರ್ಜಿ ಹಾಕುವಾಗಲೇ ಅವರೊಡನೆ ಮಾತಾಡಿಕೊಳ್ಳುವುದು ಒಳ್ಳೆಯದು.

ಹಣದ ಲೆಕ್ಕ

ಪದವಿ ಅಥವಾ ಡಿಪ್ಲೊಮಾ ಮುಗಿಸಿದವರಿಗೆ ಅಪ್ರೆಂಟಿಸ್ ಕಾಯ್ದೆ, 1961ರ ಅಡಿಯಲ್ಲಿ ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ (ನ್ಯಾಟ್ಸ್) ಇದೆ. ಅದನ್ನು ನೋಡಿಕೊಳ್ಳುವ, ಕರ್ನಾಟಕಕ್ಕೆ ಸಂಬಂಧಿಸಿದ ಮಂಡಳಿ ಚೆನ್ನೈನಲ್ಲಿದೆ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು ನಿಗದಿಯಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ 12 ತಿಂಗಳ ಅವಧಿಗೆ ತಿಂಗಳಿಗೆ 5,000 ರೂಪಾಯಿ, ಜೊತೆಗೆ ಒಂದು ಬಾರಿಗೆ 6,000 ರೂಪಾಯಿ ಇತ್ತು. ಆ ಹಂತದ ನಿಯಮದಂತೆ ವಯಸ್ಸು 21ರಿಂದ 24ರೊಳಗಿರಬೇಕಿತ್ತು, ಪೂರ್ಣಾವಧಿ ಓದು ಅಥವಾ ಉದ್ಯೋಗದಲ್ಲಿ ಇರಬಾರದಾಗಿತ್ತು. ಎರಡೂ ಯೋಜನೆಗಳ ಮೊತ್ತ ಮತ್ತು ಅರ್ಹತೆಯನ್ನು ಅರ್ಜಿ ಹಾಕುವ ದಿನ ಅಧಿಕೃತ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರಿನ ಇನಿಷಿಯಲ್ ಒಂದೇ ತೆರನಾಗಿದೆಯೇ ಎಂದು ಮೊದಲೇ ಪರಿಶೀಲಿಸಿ. ನಮ್ಮ ಕಡೆ ತಂದೆಯ ಹೆಸರೂ ಊರ ಹೆಸರೂ ಇನಿಷಿಯಲ್‌ನಲ್ಲಿ ಹಿಂದುಮುಂದಾಗಿ ಹಣ ತಡವಾಗುವುದು ಸಾಮಾನ್ಯ.

ಇಂಟರ್ನ್‌ಶಿಪ್‌ಗಾಗಿ ನೀವೇ ಹಣ ಕೊಡಬೇಕೆಂದರೆ ಅಲ್ಲಿಗೇ ನಿಲ್ಲಿಸಿ. ಸಂದರ್ಶನವಿಲ್ಲದೆ ಬರುವ ಆಫರ್ ಲೆಟರ್, ‘ನೋಂದಣಿ ಶುಲ್ಕ’ ಅಥವಾ ‘ಭದ್ರತಾ ಠೇವಣಿ’ಗೆ ಯುಪಿಐ ಸಂಖ್ಯೆ, ವಿಡಿಯೊ ಪಾಠ ನೋಡಿದರೆ ಪ್ರಮಾಣಪತ್ರ ಖಚಿತವೆಂಬ ಮಾತು ಇವೆಲ್ಲ ವ್ಯಾಪಾರದ ಲಕ್ಷಣ. ಕಂಪನಿ ನಿಜವಾಗಿಯೂ ನೋಂದಣಿಯಾಗಿದೆಯೇ ಎಂಬುದನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಅಥವಾ 21 ಅಕ್ಷರಾಂಕಿಗಳ ಗುರುತಿನ ಸಂಖ್ಯೆ (ಸಿಐಎನ್) ಹಾಕಿ ನೋಡಬಹುದು. ಭತ್ಯೆ ಇಲ್ಲದ ಇಂಟರ್ನ್‌ಶಿಪ್ ಎಲ್ಲವೂ ಕೆಟ್ಟದ್ದೆಂದು ನಾನು ಹೇಳಲಾರೆ. ಊರಿನ ವಕೀಲರ ಆಫೀಸಿನಲ್ಲಿ ಹಣ ಸಿಗದೆಯೂ ಕೆಲಸ ಸಿಗುತ್ತದೆ. ಆದರೆ ಬೆಂಗಳೂರಿನಲ್ಲಿ ಪಿಜಿಗೆ, ಬಸ್ಸಿಗೆ ಕೈಯಿಂದ ಹಾಕಿಕೊಂಡು ದಿನವಿಡೀ ಡೇಟಾ ಎಂಟ್ರಿ ಮಾಡಬೇಕಾದರೆ ಅದು ತರಬೇತಿಯಲ್ಲ, ಪುಕ್ಕಟೆ ದುಡಿಮೆ.

ಬಿಡುವ ಮೊದಲು

ಕೊನೆಯ ವಾರದಲ್ಲಿ ಪ್ರಮಾಣಪತ್ರದ ಕರಡನ್ನು ನೀವೇ ಬರೆದು ಕೊಡಿ. ದಿನಾಂಕ, ಒಟ್ಟು ಗಂಟೆ, ಮಾಡಿದ ಕೆಲಸದ ಎರಡು ಸಾಲಿನ ವಿವರ, ಮೇಲ್ವಿಚಾರಕರ ಹೆಸರು ಮತ್ತು ಹುದ್ದೆ ಅದರಲ್ಲಿರಲಿ. ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂಬ ಒಂದೇ ಸಾಲಿನ ಪತ್ರ ಕ್ರೆಡಿಟ್ ಪಡೆಯುವಾಗ ತೊಂದರೆ ಕೊಡುತ್ತದೆ. ನೀವು ಬರೆದ ವರದಿಯನ್ನು, ಕೋಡನ್ನು ಅಥವಾ ಕರಡನ್ನು ಹೊರಗೆ ತೋರಿಸಬಹುದೇ ಎಂದೂ ಅನುಮತಿ ಕೇಳಿಕೊಳ್ಳಿ.

ಶಿಫಾರಸು ಪತ್ರವನ್ನು ಕೊನೆಯ ದಿನಾಂಕಕ್ಕೆ ಮೂರು ವಾರ ಮೊದಲೇ ಕೇಳಬೇಕು. ಕೇಳುವಾಗ ‘ಸರ್, ಒಂದು ಲೆಟರ್ ಬೇಕಿತ್ತು’ ಎಂದಷ್ಟೇ ಹೇಳಿ ನಿಲ್ಲಬೇಡಿ. ಯಾವ ಕಾರ್ಯಕ್ರಮಕ್ಕೆ, ಕೊನೆಯ ದಿನಾಂಕ ಯಾವುದು, ಪತ್ರವನ್ನು ಹೇಗೆ ಕಳಿಸಬೇಕು ಎಂಬುದನ್ನು ಬರೆದು, ನಿಮ್ಮ ಅಂಕಪಟ್ಟಿ, ಅರ್ಜಿಯ ಬರಹ ಮತ್ತು ಆ ದಿನಚರಿಯಿಂದ ಒಂದು ಪುಟವನ್ನು ಜೊತೆಗೆ ಕೊಡಿ. ನಿಮ್ಮ ಕೆಲಸವನ್ನು ತಿದ್ದಿದವರೇ ಪತ್ರ ಬರೆಯುವುದಾದರೆ ಅವರು ಏನನ್ನು ತಿದ್ದಿದ್ದರು, ಆಮೇಲೆ ನೀವು ಅದನ್ನು ಹೇಗೆ ಮಾಡಿದಿರಿ ಎಂಬುದು ಆ ಪುಟದಲ್ಲಿರಲಿ. ಅವರ ಪತ್ರದ ಬಹುಭಾಗ ಅದರಿಂದಲೇ ಬರುತ್ತದೆ. ಕೊನೆಯ ದಿನಾಂಕಕ್ಕೆ ಒಂದು ವಾರವಿರುವಾಗ ಒಮ್ಮೆ ನೆನಪಿಸಿ, ಫಲಿತಾಂಶ ಬಂದ ಮೇಲೆ ಆಯ್ಕೆಯಾಗಿದ್ದರೂ ಆಗದಿದ್ದರೂ ಅವರಿಗೆ ತಿಳಿಸಿ.